ಸಿಸ್ಟರ್ ಕೆನ್ನಿ

ಪೋಲಿಯೊ ಎಂದೊಡನೆ ಇಂದಿನ ಮಕ್ಕಳಿಗೆ ನೆನಪಾಗುವುದು ಬಾಯಿಗೆ ಹಾಕುವ ಎರಡು ಹನಿ ಔಷಧ. ಆ ಹನಿಗಳಿಲ್ಲದ ಕಾಲದಲ್ಲಿ ಇದ್ದಕ್ಕಿದ್ದಂತೆ ಜ್ವರ ಬಂದು ಮಗುವಿನ ಕಾಲು ಸೋತುಹೋಗುತ್ತಿತ್ತು. ಅಂಥ ಮಕ್ಕಳಿಗಾಗಿ ಬದುಕನ್ನು ಸವೆಸಿದ ಎಲಿಜಬೆತ್ ಕೆನ್ನಿಯವರ ಕಥೆಯನ್ನು ನಾವು ಇಲ್ಲಿ ಹೇಳುತ್ತಿದ್ದೇವೆ.

ಇವರು ಹುಟ್ಟಿದ್ದು 1880ರಲ್ಲಿ, ಆಸ್ಟ್ರೇಲಿಯದ ವಾರಿಯಾಲ್ಡ ಎಂಬಲ್ಲಿ. ಹೆಚ್ಚಿನ ಶಾಲಾ ವಿದ್ಯೆ ದೊರೆಯಲಿಲ್ಲ. ಕುದುರೆಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಾಗ ತೂವೂಂಬಾದ ಡಾಕ್ಟರ್ ಮೆಕ್‌ಡಾನೆಲ್ ಅವರಲ್ಲಿ ಚಿಕಿತ್ಸೆ ಪಡೆದರು. ಆ ವೈದ್ಯರ ಪುಸ್ತಕಗಳೇ ಈ ಹುಡುಗಿಗೆ ಸ್ನಾಯುಗಳ ಪಾಠ ಕಲಿಸಿದವು. ದಾದಿಯ ಪ್ರಮಾಣಪತ್ರವಿಲ್ಲದೆಯೇ ಹಳ್ಳಿಗಳಲ್ಲಿ ರೋಗಿಗಳ ಸೇವೆಗೆ ನಿಂತರು. ಸಿಸ್ಟರ್ ಎಂದರೆ ಸನ್ಯಾಸಿನಿಯೆಂದು ತಿಳಿಯಬಾರದು. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ಹಡಗುಗಳಲ್ಲಿ ಶುಶ್ರೂಷೆ ಮಾಡಿದ್ದಕ್ಕೆ ದೊರೆತ ಪದವಿಯದು.

ಆಗಿನ ವೈದ್ಯರು ಪೋಲಿಯೊ ತಗುಲಿದ ಕೈಕಾಲುಗಳನ್ನು ಪಟ್ಟಿ, ಪ್ಲಾಸ್ಟರುಗಳಲ್ಲಿ ತಿಂಗಳುಗಟ್ಟಲೆ ಅಲುಗದಂತೆ ಕಟ್ಟಿಡುತ್ತಿದ್ದರು. ಬಿಚ್ಚುವ ಹೊತ್ತಿಗೆ ಸ್ನಾಯು ಸೊರಗಿ, ಕೀಲು ಬಿಗಿದಿರುತ್ತಿತ್ತು. ಕೆನ್ನಿಯವರ ದಾರಿಯೇ ಬೇರೆ. ಉಣ್ಣೆಯ ಕಂಬಳಿಯ ತುಂಡುಗಳನ್ನು ಕುದಿನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ನೋಯುವ ಸ್ನಾಯುವಿಗೆ ಸುತ್ತುವರು. ನೋವು ಇಳಿದ ಮೇಲೆ ಕಾಲನ್ನು ತಾವೇ ಮೆಲ್ಲಗೆ ಆಡಿಸುವರು. ಮಗುವಿಗೆ ಆ ಸ್ನಾಯುವನ್ನು ತೋರಿಸಿ, ಮನಸ್ಸನ್ನು ಅಲ್ಲಿಯೇ ನಿಲ್ಲಿಸಿ, ಮರೆತ ಚಲನೆಯನ್ನು ಮತ್ತೆ ಕಲಿಸುವರು. ಅಕ್ಷರ ತಿದ್ದಿಸಿದ ಹಾಗೆಯೇ!

ಓದದ ಹೆಂಗಸಿನ ಮಾತನ್ನು ಕೇಳುವವರು ಯಾರು? 1938ರಲ್ಲಿ ಕ್ವೀನ್ಸ್‌ಲ್ಯಾಂಡಿನ ವಿಚಾರಣಾ ಆಯೋಗದ ವರದಿ ಅವರಿಗೆ ವಿರುದ್ಧವಾಯಿತು. 1940ರಲ್ಲಿ ಅಮೆರಿಕಕ್ಕೆ ಹೋದರು. ಮಿನಿಯಾಪೊಲಿಸ್ ನಗರದ ವೈದ್ಯರು ಪರೀಕ್ಷಿಸಿ ನೋಡಲು ಅವಕಾಶ ಕೊಟ್ಟರು. 1942ರಲ್ಲಿ ಅಲ್ಲಿ ಅವರ ಹೆಸರಿನ ಸಂಸ್ಥೆ ತೆರೆಯಿತು. 1946ರಲ್ಲಿ ಅವರ ಜೀವನ ಚಲನಚಿತ್ರವೂ ಆಯಿತು.

ಅವರು ಹೇಳಿದ್ದೆಲ್ಲ ಸರಿಯಲ್ಲವೆಂಬುದನ್ನೂ ನಾವು ಮುಚ್ಚಿಡಬಾರದು. ರೋಗದ ಮೂಲ ಸ್ನಾಯುಗಳ ಸೆಡೆತದಲ್ಲಿದೆಯೆಂದು ಅವರು ವಾದಿಸಿದರು. ವಾಸ್ತವವಾಗಿ ಪೋಲಿಯೊ ವೈರಸ್ ಬೆನ್ನುಹುರಿಯ ನರಕೋಶಗಳನ್ನೇ ಕೊಲ್ಲುತ್ತದೆ. ಸತ್ತ ಕೋಶಕ್ಕೆ ಬಿಸಿ ಕಂಬಳಿ ಜೀವ ಕೊಡಲಾರದು. ಆದರೆ ನೋವು ತಗ್ಗಿತು, ಕೀಲುಗಳು ಬಿಗಿಯಲಿಲ್ಲ, ಉಳಿದ ಸ್ನಾಯುಗಳು ಬಲಗೊಂಡವು. ಸ್ವಭಾವತಃ ಹಟಮಾರಿ, ಮಾತು ಖಾರ. ಹಾಗಿಲ್ಲದಿದ್ದರೆ ಅಷ್ಟು ವಿರೋಧವನ್ನು ತಾಳುತ್ತಿದ್ದರೇ ಎಂದು ನಮಗೆ ಅನ್ನಿಸುತ್ತದೆ.

1952ರ ನವೆಂಬರ್ 30ರಂದು ತೂವೂಂಬಾದಲ್ಲಿ ತೀರಿಕೊಂಡರು. ಪೋಲಿಯೊ ಲಸಿಕೆ ಬಳಕೆಗೆ ಬಂದದ್ದು 1955ರಲ್ಲಿ. ನಮ್ಮ ದೇಶದಲ್ಲಿ ನಿಸರ್ಗದ ಪೋಲಿಯೊ ವೈರಸ್ಸಿನಿಂದ ಕೊನೆಯ ಮಗು ಪೀಡಿತವಾದದ್ದು 2011ರ ಜನವರಿಯಲ್ಲಿ. ಲಕ್ವ ಹೊಡೆದವರಿಗೂ ಮೂಳೆ ಮುರಿದವರಿಗೂ ಫಿಸಿಯೊಥೆರಪಿಯವರು ಇಂದಿಗೂ ಹೀಗೆಯೇ ಕೈ ಹಿಡಿದು, ಒಂದೊಂದೇ ಚಲನೆಯನ್ನು ಕಲಿಸುತ್ತಾರೆ.