ಕಬ್ಬಿಣದ ನೇಗಿಲಿನ ಲಕ್ಷ್ಮಣರಾಯರು

ನಾನು ಸಣ್ಣವನಿದ್ದಾಗ ನಮ್ಮ ಜತ್ತ ತಾಲೂಕಿನ ಬಾವಿಗಳ ಮೇಲೆ ಕೂತಿದ್ದ ಪಂಪುಗಳ ಮೈಮೇಲೆ ಒಂದು ಹೆಸರು ಎದ್ದು ಕಾಣುತ್ತಿತ್ತು. ಕಿರ್ಲೋಸ್ಕರ ಅಂತ. ಅದು ಪಂಪಿಗೇ ಇಟ್ಟ ಹೆಸರು ಅಂತ ತಿಳಕೊಂಡಿದ್ದೆ. ಅದೊಂದು ಮನೆತನದ ಹೆಸರು, ಆ ಮನೆತನದ ಹಿರಿಯನೊಬ್ಬ ಕನ್ನಡ ಸೀಮೆಯ ಹಳ್ಳಿಯಲ್ಲಿ ಹುಟ್ಟಿ ನಮ್ಮ ಸಾಂಗಲಿ ಜಿಲ್ಲೆಗೆ ಬಂದು ಕಳ್ಳಿಗಾಡಿನಲ್ಲಿ ಕಾರಖಾನೆ ಕಟ್ಟಿದ ಅಂತ ಗೊತ್ತಾಗುವ ಹೊತ್ತಿಗೆ ನನ್ನ ಕೈಯಿಂದ ಒಬ್ಬ ರೈತನ ಬೆಳೆ ಹಾಳಾಗಿ ಹೋಗಿತ್ತು. ಆ ಮಾತು ಮುಂದೆ ಹೇಳುತ್ತೇನೆ. ಮೊದಲು ಲಕ್ಷ್ಮಣರಾಯರ ಕಥೆ.

ಲಕ್ಷ್ಮಣ ಕಾಶೀನಾಥ ಕಿರ್ಲೋಸ್ಕರ ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮನೆಯ ಮಾತು ಮರಾಠಿ, ಊರ ಮಾತು ಕನ್ನಡ. ನಮ್ಮ ಗಡಿಯ ಮಂದಿಗೆ ಇದರಲ್ಲಿ ಹೊಸದೇನಿಲ್ಲ. ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಇದೇ ಊರಿನವರು, ಇದೇ ಅಡ್ಡಹೆಸರಿನವರು. ತಂದೆ ಕಾಶೀನಾಥಪಂತರು ವೇದಾಂತ ಓದಿಕೊಂಡವರು. ಮಗನಿಗೆ ಮಾತ್ರ ಪುಸ್ತಕಕ್ಕಿಂತ ಚಿತ್ರ ಬರೆಯುವುದರಲ್ಲಿ, ಯಂತ್ರ ಬಿಚ್ಚಿ ನೋಡುವುದರಲ್ಲಿ ಮನಸ್ಸು.

1885ರಲ್ಲಿ ಹುಡುಗ ಮುಂಬಯಿಗೆ ಹೋಗಿ ಜೆ.ಜೆ. ಚಿತ್ರಕಲಾ ಶಾಲೆ ಸೇರಿದ. ಅಲ್ಲಿ ಒಂದು ಪೆಟ್ಟು ಬಿತ್ತು. ಕೆಲವು ಬಣ್ಣಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಅವನ ಕಣ್ಣಿಗೆ ಆಗುತ್ತಿರಲಿಲ್ಲ. ಬಣ್ಣ ತಿಳಿಯದವ ಚಿತ್ರಗಾರ ಹೆಂಗಾದಾನು? ಆದರೆ ಗೆರೆಗೆ ಬಣ್ಣ ಬೇಕಿಲ್ಲ. ಯಂತ್ರದ ನಕ್ಷೆ ಬರೆಯುವುದನ್ನು ಅವನು ಗಟ್ಟಿಯಾಗಿ ಹಿಡಿದುಕೊಂಡ. ಆಗಷ್ಟೇ, 1887ರಲ್ಲಿ, ಮುಂಬಯಿಯಲ್ಲಿ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಶುರುವಾಗಿತ್ತು. ಅಲ್ಲಿ ತಿಂಗಳಿಗೆ 45 ರೂಪಾಯಿ ಪಗಾರದ ಮೇಲೆ ನಕ್ಷೆ ಕಲಿಸುವ ಸಹಾಯಕ ಮಾಸ್ತರನಾದ.

ಮಾಸ್ತರರೇ ವಿದ್ಯಾರ್ಥಿ

ಕೈಕಸುಬು ಕಲಿಯುವ ಎಲ್ಲ ಹುಡುಗರೂ ಲಕ್ಷ್ಮಣರಾಯರ ಈ ದಿನಗಳನ್ನು ಅರಿಯಬೇಕು. ಕಾಗದದ ಮೇಲೆ ಗೆರೆ ಎಳೆದು ಸಂಜೆ ಮನೆಗೆ ಹೋಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ಹಂಗ ಮಾಡಲಿಲ್ಲ. ಸಂಸ್ಥೆಯ ವರ್ಕಶಾಪಿಗೆ ಇಳಿದು ಉಗಿಯಂತ್ರ, ಲೇಥು, ಎರಕದ ಕೆಲಸ ಎಲ್ಲವನ್ನೂ ಕೈಯಿಂದ ಮುಟ್ಟಿ ಕಲಿತರು. ಅಮೆರಿಕದ ಯಂತ್ರಗಾರಿಕೆಯ ಪತ್ರಿಕೆಗಳನ್ನು ತರಿಸಿ ಓದಿದರು. ಬಿಡುವಿನಲ್ಲಿ ಮಂದಿಯ ಯಂತ್ರ ರಿಪೇರಿ ಮಾಡಿಕೊಟ್ಟರು.

ಈ ನಡುವೆ ಮುಂಬಯಿಯ ರಸ್ತೆಯಲ್ಲಿ ಸೈಕಲ್ ಕಂಡರು. ಬೆಳಗಾವಿಯಲ್ಲಿದ್ದ ಅಣ್ಣ ರಾಮಚಂದ್ರರಾಯರ ಜೊತೆ ಮಾತಾಡಿ 1888ರಲ್ಲಿ ಅಲ್ಲೊಂದು ಸೈಕಲ್ ಅಂಗಡಿ ಇಟ್ಟರು. ಇವರು ಮುಂಬಯಿಯಿಂದ ಕಳಿಸುವುದು, ರಾಮುಅಣ್ಣ ಮಾರುವುದು, ಕೊಂಡವರಿಗೆ ಹೊಡೆಯಲು ಕಲಿಸಿ ಅದಕ್ಕೂ ಹಣ ತಗೊಳ್ಳುವುದು. ವ್ಯಾಪಾರಿಗಳಾದ ಓದುಗರು ಗಮನಿಸಬೇಕು: ಸಾಮಾನು ಮಾರುವುದರ ಜೊತೆಗೆ ಅದನ್ನು ಬಳಸಲು ಕಲಿಸುವುದೂ ವ್ಯಾಪಾರವೇ ಅಂತ ಅಣ್ಣತಮ್ಮಂದಿರು ಆಗಲೇ ತಿಳಿದಿದ್ದರು.

ಸಂಸ್ಥೆಯಲ್ಲಿ ಮೇಲಿನ ಹುದ್ದೆಯೊಂದು ಖಾಲಿಯಾದಾಗ ಅದು ತಮಗೇ ಬರುತ್ತದೆ ಅಂತ ಅವರು ನಂಬಿದ್ದರು. ಅದು ಒಬ್ಬ ಆಂಗ್ಲೋ ಇಂಡಿಯನ್‌ಗೆ ಹೋಯಿತು. ಲಕ್ಷ್ಮಣರಾಯರು ಜಗಳ ತೆಗೆಯಲಿಲ್ಲ, ನೌಕರಿ ಬಿಟ್ಟು ಬೆಳಗಾವಿಗೆ ಬಂದುಬಿಟ್ಟರು. ಮತ್ತೆಂದೂ ಒಬ್ಬರ ಕೈಕೆಳಗೆ ದುಡಿಯಲು ಹೋಗಲಿಲ್ಲ.

ಮಣ್ಣಿಗೆ ವಿಷ ಅಂದರು

ಬೆಳಗಾವಿಯಲ್ಲಿ ಮೊದಲು ಮಾಡಿದ್ದು ಕಣಿಕೆ ಕತ್ತರಿಸುವ ಯಂತ್ರ. ದನಕ್ಕೆ ಇಡಿ ಕಣಿಕೆ ಹಾಕಿದರೆ ಅರ್ಧ ತಿಂದು ಅರ್ಧ ತುಳಿಯುತ್ತವೆ, ಕತ್ತರಿಸಿ ಹಾಕಿದರೆ ಉಳಿತಾಯ. ಅದಾದ ಮೇಲೆ 1903ರಲ್ಲಿ ಕಬ್ಬಿಣದ ನೇಗಿಲು. ನಮ್ಮ ಎರಿ ಹೊಲದಲ್ಲಿ ಕಟ್ಟಿಗೆಯ ನೇಗಿಲು ಮೇಲೆ ಮೇಲೆ ಕೆರೆದು ಹೋಗುತ್ತದೆ. ಕಬ್ಬಿಣದ್ದು ಮಣ್ಣನ್ನು ಆಳದಿಂದ ಎತ್ತಿ ಮಗುಚಿ ಹಾಕುತ್ತದೆ, ಕರಿಕೆ ಬೇರು ಸಹಿತ ಮೇಲೆ ಬರುತ್ತದೆ.

ಆದರೆ ಕೊಳ್ಳುವವರು ಯಾರು? ಕಬ್ಬಿಣ ತಾಗಿದರೆ ಭೂಮಿತಾಯಿಗೆ ವಿಷ ಏರುತ್ತದೆ ಅಂತ ರೈತರು ಹೆದರಿದರು. ಇದನ್ನು ಕೇಳಿ ಇವತ್ತು ನಗಬಾರದು. ವರ್ಷಕ್ಕೊಂದೇ ಬೆಳೆ ನಂಬಿ ಬದುಕುವವನು ಹೊಸದನ್ನು ಮುಟ್ಟಲು ಅಂಜುವುದು ಸಹಜ. ಮೊದಲ ನೇಗಿಲುಗಳು ಮಾರಾಟವಾಗಲು ಹತ್ತಿರ ಹತ್ತಿರ ಎರಡು ವರ್ಷ ಹಿಡಿಯಿತು. ಮಾತಿನಲ್ಲಿ ಹೇಳಿ ರೈತನನ್ನು ಒಪ್ಪಿಸಲು ಆಗುವುದಿಲ್ಲ, ಅವನ ಹೊಲದಲ್ಲೇ ಹೊಡೆದು ತೋರಿಸಬೇಕು ಅನ್ನುವುದು ಆ ದಂಧೆಯ ಮೊದಲ ಪಾಠ.

ಕೆಲಸ ಕುದುರುವ ಹೊತ್ತಿಗೆ ಇನ್ನೊಂದು ಸಂಕಟ. ಬೆಳಗಾವಿಯಲ್ಲಿ ಹೊಸ ಬಡಾವಣೆ ಮಾಡಲು ನಗರಸಭೆಗೆ ಕಾರಖಾನೆಯ ಜಾಗ ಬೇಕಾಯಿತು. ಎಬ್ಬಿಸಿದರು. ಯಂತ್ರಗಳನ್ನು ಹೊತ್ತುಕೊಂಡು ಎಲ್ಲಿಗೆ ಹೋಗುವುದು? ಆಗ ಕೈ ಹಿಡಿದವರು ಔಂಧ ಸಂಸ್ಥಾನದ ರಾಜರು, ಭವಾನರಾವ ಪಂತಪ್ರತಿನಿಧಿ. ಕುಂಡಲ ರೋಡ್ ಸ್ಟೇಷನ್ನಿನ ಹತ್ತಿರ 32 ಎಕರೆ ನೆಲ ಕೊಟ್ಟರು, ಸಾಲವನ್ನೂ ಕೊಟ್ಟರು. ನೆಲವೇನೋ ಸಿಕ್ಕಿತು, ಅದರ ತುಂಬ ಪಾಪಸಕಳ್ಳಿ, ಕಳ್ಳಿಯ ಬುಡಕ್ಕೆ ಹಾವು. 1910ರ ಮಾರ್ಚಿನಲ್ಲಿ ಅಲ್ಲಿ ಕಾಲಿಟ್ಟು ಕಳ್ಳಿ ಕಡಿದು ಊರು ಕಟ್ಟಿದರು. ಅದೇ ಕಿರ್ಲೋಸ್ಕರವಾಡಿ.

ಕಲಿತವರನ್ನು ಹುಡುಕಲಿಲ್ಲ

ಕಳ್ಳಿಗಾಡಿಗೆ ಮುಂಬಯಿಯ ಟರ್ನರ್ ಯಾಕೆ ಬರುತ್ತಾನೆ? ಬರಲಿಲ್ಲ. ಲಕ್ಷ್ಮಣರಾಯರು ಸಿಕ್ಕವರನ್ನೇ ತಯಾರು ಮಾಡಿದರು. ಸಾಲಿ ಅರ್ಧಕ್ಕೆ ಬಿಟ್ಟಿದ್ದ ಅನಂತರಾವ ಫಳಣೀಕರ ಅನ್ನುವವರು ಅಲ್ಲಿ ಜಾಣ ಇಂಜಿನಿಯರ್ ಆದರು. ಶಂಭೋರಾವ ಜಾಂಭೇಕರರು ಯಂತ್ರವನ್ನೂ ನೋಡಿದರು, ಕೆಲಸಗಾರರಿಗೆ ಜಡ್ಡಾದರೆ ಔಷಧವನ್ನೂ ಕೊಟ್ಟರು. ರಾಮುಅಣ್ಣ ಊರಿನ ನೀರು, ಬೀದಿ, ಮನೆ ಎಲ್ಲದರ ಉಸ್ತುವಾರಿ. ಸುತ್ತಲಿನ ಹಳ್ಳಿಯ ಒಕ್ಕಲುಮಕ್ಕಳು ಎರಕ ಹೊಯ್ಯುವುದು, ಲೇಥು ನಡೆಸುವುದು ಕಲಿತರು. ಜೇಲು ಕಂಡು ಬಂದ ಇಬ್ಬರನ್ನು ಊರ ಕಾವಲಿಗೆ ಇಟ್ಟರು. ಅವರು ನಂಬಿಕೆ ಕೆಡಿಸಲಿಲ್ಲ. ಮುಟ್ಟು ಮಡಿಯ ಭೇದಕ್ಕೆ ಆ ಊರಿನಲ್ಲಿ ಜಾಗ ಇರಲಿಲ್ಲ.

ಮೊದಲನೇ ಮಹಾಯುದ್ಧದಲ್ಲಿ ಕಬ್ಬಿಣ ಸಿಗದೆ ಕುಲುಮೆ ಆರುವ ಹೊತ್ತು ಬಂತು. ಕೊಲ್ಲಾಪುರ ಮಹಾರಾಜರ ಹತ್ತಿರ ಹಳೇ ತೋಪುಗಳಿದ್ದವು. ಅವನ್ನು ಕೊಂಡು ತಂದು ಕರಗಿಸಿ ನೇಗಿಲು ಮಾಡಿದರು. 1920ರಲ್ಲಿ ಕಿರ್ಲೋಸ್ಕರ ಬ್ರದರ್ಸ್ ಅನ್ನುವ ಕಂಪನಿ ನೋಂದಣಿ ಆಯಿತು. ಕಬ್ಬಿನ ಗಾಣ, ಶೇಂಗಾ ಒಡೆಯುವ ಯಂತ್ರ ಬಂದವು. 1926ರ ಹೊತ್ತಿಗೆ ಪಂಪು ಬಂತು. ಸೋಲಾಪುರದಲ್ಲಿ 1903ರಲ್ಲಿ ಹುಟ್ಟಿದ ಮಗ ಶಂತನುರಾಯರು ಅಮೆರಿಕದಲ್ಲಿ ಓದಿ ಬಂದು ಕೈಗೂಡಿಸಿದರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ಶುರುವಾಗಿ ಲೇಥುಗಳನ್ನೇ ತಯಾರಿಸಿತು. ಆ ಲೇಥುಗಳ ಮೇಲೆ ಕೈ ಪಳಗಿಸಿಕೊಂಡ ಟರ್ನರುಗಳು ಕರ್ನಾಟಕದಲ್ಲಿ ಎಷ್ಟೋ ಮಂದಿ. ಆ ಕಾರಖಾನೆ ಈ ಶತಮಾನದ ಮೊದಲ ವರ್ಷಗಳಲ್ಲಿ ಬಾಗಿಲು ಹಾಕಿತು.

1948ರಲ್ಲಿ ಗಾಂಧೀಜಿಯವರ ಕೊಲೆಯಾದ ಮೇಲೆ ಎದ್ದ ಗಲಭೆಯಲ್ಲಿ ಕಿರ್ಲೋಸ್ಕರವಾಡಿಗೂ ಬೆಂಕಿ ಬಿತ್ತು. ಎಂಬತ್ತರ ಹತ್ತಿರ ಬಂದಿದ್ದ ಮುದುಕನ ಕಣ್ಣೆದುರು ಕಟ್ಟಿದ್ದು ಸುಟ್ಟಿತು. ಮತ್ತೆ ಕಟ್ಟಿದರು. 1956ರ ಸೆಪ್ಟೆಂಬರ್ 26ರಂದು ಲಕ್ಷ್ಮಣರಾಯರು ತೀರಿಕೊಂಡರು. ಅವರು ಹುಟ್ಟಿದ ಜಿಲ್ಲೆ ಕನ್ನಡ ರಾಜ್ಯಕ್ಕೆ ಸೇರಿದ್ದು ಅದಾಗಿ 36 ದಿನಕ್ಕೆ. ಹುಟ್ಟೂರು ಗಡಿಯ ಆಚೆ, ಕಟ್ಟಿದ ಊರು ಗಡಿಯ ಈಚೆ.

ನನ್ನ ಕೈಯ ತಪ್ಪು

ಈಗ ನನ್ನ ಮಾತು. ನಾನು ಊರ ಕನ್ನಡ ಸಾಲಿಯಲ್ಲಿ ಓದಿದವ. ಹತ್ತನೇ ಇಯತ್ತೆ ಆದ ಮೇಲೆ ಟರ್ನರ್ ಕಲಿಯಲು ಒಂದು ತರಬೇತಿ ಸಂಸ್ಥೆಗೆ ಹೋದೆ. ನಾವು ಹದಿನೆಂಟು ಹುಡುಗರು, ಲೇಥು ಎರಡು, ಅದರಲ್ಲಿ ಒಂದರ ಗೇರು ಮುರಿದಿತ್ತು. ಕರೆಂಟು ಇದ್ದ ದಿನ ಕಬ್ಬಿಣ ಇರುತ್ತಿರಲಿಲ್ಲ. ಥಿಯರಿ ಮರಾಠಿಯಲ್ಲಿ, ಪುಸ್ತಕ ಇಂಗ್ಲಿಷಿನಲ್ಲಿ, ನನ್ನ ತಲೆ ಕನ್ನಡದಲ್ಲಿ. ಪರೀಕ್ಷೆಯ ಜಾಬನ್ನು ಪೇಟೆಯಲ್ಲಿ ಬೇರೆಯವರ ಕೈಯಿಂದ ಮಾಡಿಸಿ ತಂದೆವು. ಎರಡು ವರ್ಷಕ್ಕೆ ಸರ್ಟಿಫಿಕೇಟ್ ಸಿಕ್ಕಿತು, ಕಸುಬು ಸಿಗಲಿಲ್ಲ.

ಅದನ್ನೇ ಕಟ್ಟು ಹಾಕಿ ಗೋಡೆಗೆ ತೂಗುಹಾಕಿ ಶೆಡ್ಡು ತೆಗೆದೆ. ಒಬ್ಬ ದ್ರಾಕ್ಷಿ ತೋಟದ ರೈತ ಪಂಪಿನ ಶಾಫ್ಟ್ ತಂದ. ಬೇರಿಂಗ್ ಕೂಡುವ ಜಾಗ ಸವೆದಿತ್ತು. ಅದರ ಮೇಲೆ ವೆಲ್ಡಿಂಗ್ ತುಂಬಿ ಲೇಥಿನಲ್ಲಿ 25 ಮಿಲಿಮೀಟರಿಗೆ ಇಳಿಸಬೇಕಿತ್ತು. ಇಂಥ ಜಾಗ ಬೇರಿಂಗಿನ ತೂತಿಗಿಂತ ಕೂದಲೆಳೆಯ ಒಂದು ಪಾಲಿನಷ್ಟು ದಪ್ಪ ಇರಬೇಕು, ಒತ್ತಿ ಏರಿಸುವಂಗ. ನನ್ನದು ಅರ್ಧ ಕೂದಲಿನಷ್ಟು ತೆಳ್ಳಗಾಯಿತು. ಕಣ್ಣಿಗೆ ಕಾಣದ ತಪ್ಪು. ಮೇಲಾಗಿ, ಆ ಉಕ್ಕನ್ನು ಮೊದಲು ಬಿಸಿ ಮಾಡದೆ ಬೆಸೆದಿದ್ದೆ, ಬೆಸೆದ ಮೇಲೆ ನೀರು ಹಾಕಿ ತಣಿಸಿದ್ದೆ. ಮೂರನೇ ದಿನ ಬೇರಿಂಗ್ ಸಡಿಲಾಗಿ ತಿರುಗಿತು, ನಾಲ್ಕನೇ ದಿನ ಶಾಫ್ಟ್ ಬೆಸುಗೆಯ ಪಕ್ಕದಲ್ಲೇ ತುಂಡಾಯಿತು. ಗೊನೆ ಕಾಯಿ ಕಟ್ಟುವ ಹೊತ್ತು. ಬೇರೆ ಪಂಪು ತಂದು ಕೂಡಿಸುವುದರೊಳಗ ಅರ್ಧ ತೋಟದ ಬೆಳೆ ಹೋಯಿತು. ಆ ರೈತ ನನಗೆ ಬಯ್ಯಲಿಲ್ಲ. ಗೋಡೆಯ ಮೇಲಿನ ಸರ್ಟಿಫಿಕೇಟನ್ನು ಒಮ್ಮೆ ನೋಡಿ ಹೋದ. ಬಯ್ದಿದ್ದರೆ ಚಲೋ ಇತ್ತು.

ಶೆಡ್ಡು ಮುಚ್ಚಿದೆ. ಆಮೇಲೆ ಕಿರ್ಲೋಸ್ಕರವಾಡಿಯಲ್ಲಿ ದುಡಿದು ನಿವೃತ್ತರಾದ ಒಬ್ಬ ಟರ್ನರ್ ಅಜ್ಜನ ಹತ್ತಿರ ಒಂದೂವರೆ ವರ್ಷ ಕೂತೆ. ಲಕ್ಷ್ಮಣರಾಯರ ಕಥೆಯನ್ನು ಮೊದಲು ಕೇಳಿದ್ದು ಅವರಿಂದಲೇ. ಮೊದಲ ತಿಂಗಳು ಅವರು ನನಗೆ ಲೇಥು ಮುಟ್ಟಗೊಡಲಿಲ್ಲ, ಬರೀ ಮೈಕ್ರೋಮೀಟರ್ ಹಿಡಿದು ಅಳೆಯಲು ಹೇಳಿದರು. ಒಂದೇ ತುಂಡನ್ನು ಹತ್ತು ಸಲ ಅಳೆದು ಹತ್ತೂ ಸಲ ಒಂದೇ ಲೆಕ್ಕ ಬರುವ ತನಕ ಬಿಡಲಿಲ್ಲ. ಆಮೇಲೆ ಬೆಸುಗೆ: ರಾಡನ್ನು ಬಿಸಿ ಮಾಡಿ ತೇವ ತೆಗೆಯುವುದು, ಶಾಫ್ಟನ್ನು ಮೊದಲು ಕಾಯಿಸುವುದು, ಪ್ರತಿ ಸಾಲಿನ ಕಿಟ್ಟ ಪೂರಾ ಕೆತ್ತಿ ತೆಗೆದು ಮುಂದಿನ ಸಾಲು ಹಾಕುವುದು, ಮುಗಿದ ಮೇಲೆ ಒಣ ಬೂದಿಯಲ್ಲಿ ಹೂತು ರಾತ್ರಿಯೆಲ್ಲ ನಿಧಾನ ಆರಲು ಬಿಡುವುದು. ಇದೆಲ್ಲ ಪುಸ್ತಕದಲ್ಲೂ ಇತ್ತು. ನನ್ನ ಕೈಗೆ ಇಳಿದಿರಲಿಲ್ಲ.

ಈಗ ನನ್ನ ಶೆಡ್ಡಿನಲ್ಲಿ ಮೂವರು ಹುಡುಗರು ಕಲಿಯುತ್ತಿದ್ದಾರೆ. ಮೊನ್ನೆ ಸಂಖದ ಕಡೆಯ ಒಬ್ಬ ರೈತ ಮಗನನ್ನು ಕರಕೊಂಡು ಬಂದು, ಇವನಿಗೆ ನಿಮ್ಮಲ್ಲೇ ಕಲಿಸ್ರಿ, ಐಟಿಐ ಯಾಕ ಬೇಕು ಅಂತ ಕೇಳಿದ. ನಾನು ಹಂಗಲ್ಲ ಅಂದೆ. 1950ರಿಂದ ಸರಕಾರದ ತರಬೇತಿ ಯೋಜನೆ ಇದೆ. ವೆಲ್ಡರ್ ಒಂದು ವರ್ಷ, ಟರ್ನರ್ ಎರಡು ವರ್ಷ. ಕಾಗದ ಇಲ್ಲದವನಿಗೆ ದೊಡ್ಡ ಕಾರಖಾನೆಯ ಬಾಗಿಲು ತೆರೆಯುವುದು ಕಷ್ಟ. ಆದರೆ ಹೆಸರು ಹಚ್ಚುವ ಮೊದಲು ವರ್ಕಶಾಪಿನೊಳಗೆ ಹೋಗಿ ನೋಡಬೇಕು. ಹುಡುಗರೆಷ್ಟು, ನಡೆಯುವ ಲೇಥು ಎಷ್ಟು? ವೆಲ್ಡಿಂಗ್ ರಾಡು ಸಾಕಷ್ಟು ಕೊಡುತ್ತಾರೋ ಇಲ್ಲವೋ? ನೆಲದ ಮೇಲೆ ಕಬ್ಬಿಣದ ಸಿಪ್ಪೆ ಬಿದ್ದಿದೆಯೋ ಇಲ್ಲವೋ? ನೆಲ ಸ್ವಚ್ಛ ಇದ್ದರೆ ಅಲ್ಲಿ ಕಲಿಕೆ ನಡೆದಿಲ್ಲ ಅಂತ ತಿಳಿಯಬೇಕು. ಆಮೇಲೆ 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಕಾರಖಾನೆಯೊಳಗೆ ಕಲಿಯುವ ಅವಕಾಶವನ್ನು ಬಿಡಬಾರದು.

ಅಪ್ಪ ಮಗ ಇಬ್ಬರೂ ತಲೆ ಅಲ್ಲಾಡಿಸಿದರು. ಹುಡುಗನ ಕಣ್ಣು ಮಾತ್ರ ಲೇಥಿನ ಮೇಲೇ ಇತ್ತು. ಅವನ ಕೈಗೆ ಮೈಕ್ರೋಮೀಟರ್ ಕೊಟ್ಟು ಒಂದು ತುಂಡನ್ನು ಹತ್ತು ಸಲ ಅಳೆಯಲು ಹೇಳಿದೆ. ನಾಲ್ಕು ಲೆಕ್ಕ ಬೇರೆ ಬೇರೆ ಬಂದವು. ಯಾರೂ ಹೇಳದೆ ಅವನೇ ಮತ್ತೆ ಮೊದಲಿಂದ ಅಳೆಯಲು ಶುರು ಮಾಡಿದ. ರಜೆಯಲ್ಲಿ ಬಾ ಅಂತ ಹೇಳಿ ಕಳಿಸಿದ್ದೇನೆ. ನನ್ನ ಸರ್ಟಿಫಿಕೇಟ್ ಈಗಲೂ ಗೋಡೆಯ ಮೇಲಿದೆ. ಅದರ ಕೆಳಗಿನ ಮೊಳೆಗೆ ಮುರಿದ ಶಾಫ್ಟಿನ ಆ ತುಂಡನ್ನೂ ಕಟ್ಟಿದ್ದೇನೆ, ಬರುವ ಹುಡುಗರು ಎರಡನ್ನೂ ನೋಡಲಿ ಅಂತ.