ನಾಗಾವಿಯ ಮಧುಸೂದನ ದಂಡನಾಯಕ

ಚಿತ್ತಾಪುರದ ಮಗ್ಗುಲಲ್ಲಿರುವ ನಾಗಾವಿಗೆ ನಮ್ಮ ವಾಚಕರಲ್ಲಿ ಅನೇಕರು ಯಲ್ಲಮ್ಮನ ದರ್ಶನಾರ್ಥವಾಗಿ ಹೋಗಿ ಬಂದಿರುವರು. ದರ್ಶನವಾದ ಬಳಿಕ ಅರವತ್ತು ಕಂಬದ ಗುಡಿಯ ನೆರಳಿನಲ್ಲಿ ಬುತ್ತಿ ಬಿಚ್ಚಿ ಉಂಡವರೂ ಇಲ್ಲದಿಲ್ಲ. ಆದರೆ ಆ ಊರು ಒಂದು ಕಾಲಕ್ಕೆ ಕರ್ನಾಟಕದ ಹೆಸರಾಂತ ವಿದ್ಯಾಪೀಠವಾಗಿದ್ದಿತೆಂಬುದನ್ನೂ, ಅದನ್ನು ಕಟ್ಟಿಸಿದವನು ಕತ್ತಿ ಹಿಡಿದು ಬಾಳಿದ ಒಬ್ಬ ದಂಡನಾಯಕನೆಂಬುದನ್ನೂ ಅಲ್ಲಿ ಕುಳಿತು ನೆನೆದವರೆಷ್ಟು ಜನರು? ಪದವಿ ಕಾಲೇಜುಗಳ ಗುಣದೋಷಗಳ ಚರ್ಚೆ ಎಲ್ಲೆಡೆ ನಡೆದಿರುವ ಈ ದಿನಗಳಲ್ಲಿ ಆ ಪುರುಷನ ಚರಿತ್ರೆಯನ್ನು ಹೇಳುವದು ಅಪ್ರಸ್ತುತವಾಗಲಾರದೆಂದು ನಾವು ಬಗೆದಿರುವೆವು.

ಮಧುಸೂದನನು ದಂಡನಾಯಕರ ಮನೆತನದಲ್ಲಿಯೇ ಹುಟ್ಟಿದವನು. ತಂದೆಯಾದ ಕಾಳಿದಾಸನು ಕಲ್ಯಾಣದ ಚಾಲುಕ್ಯರ ಸೇವೆಯಲ್ಲಿ ದಂಡನಾಯಕನಾಗಿದ್ದನು. ಮಗನು ತ್ರೈಲೋಕ್ಯಮಲ್ಲನೆಂದು ಬಿರುದಾಂತನಾದ ಒಂದನೆಯ ಸೋಮೇಶ್ವರನ ಆಪ್ತ ಅಧಿಕಾರಿಯಾದನು. ಆ ಅರಸನ ಆಳಿಕೆಯೆಂದರೆ ಎಡೆಬಿಡದ ಯುದ್ಧಗಳ ಕಾಲ. ದಕ್ಷಿಣದಲ್ಲಿ ಚೋಳರೊಡನೆ ಹೋರಾಟ. 1054ರ ಕೊಪ್ಪಂ ಕಾಳಗದಲ್ಲಿ ಚೋಳರಾಜನಾದ ರಾಜಾಧಿರಾಜನೇ ಮಡಿದನು. ಉತ್ತರದಲ್ಲಿ ಮಾಳವದ ಮೇಲೆ ದಂಡಯಾತ್ರೆ. ಭೋಜರಾಜನ ಧಾರಾನಗರವನ್ನು ಚಾಲುಕ್ಯ ಸೈನ್ಯವು ಸುಟ್ಟ ವಾರ್ತೆಯನ್ನು ನಾಗಾವಿಯ ಶಾಸನವೇ ಸಾರುತ್ತದೆ. ಆ ಕಾರ್ಯದಲ್ಲಿ ಪಾಲುಗೊಂಡ ಸೇನಾಧಿಪತಿಗಳ ಸಾಲಿನಲ್ಲಿ ನಮ್ಮ ಮಧುಸೂದನನನ್ನೂ, ಅಂದರೆ ಮಧುವನನ್ನೂ, ಇತಿಹಾಸಜ್ಞರು ಎಣಿಸುವರು.

ಇಲ್ಲಿ ಕ್ಷಣಕಾಲ ನಿಲ್ಲಬೇಕಾಗುತ್ತದೆ. ಭೋಜನು ಸಾಮಾನ್ಯ ಅರಸನಲ್ಲ. ಸ್ವತಃ ಗ್ರಂಥಕರ್ತ, ಪಂಡಿತರ ಪೋಷಕ. ಅವನ ಧಾರೆಯು ಸರಸ್ವತಿಯ ಬೀಡೆಂದು ಭರತಖಂಡದಲ್ಲೆಲ್ಲ ಹೆಸರಾಗಿದ್ದಿತು. ಅಂಥ ಪಟ್ಟಣವು ಬೆಂಕಿಗೆ ಬಿದ್ದುದನ್ನು ಗೆಲವೆಂದು ಕೊಂಡಾಡುವ ಕಲ್ಲಿನ ಮೇಲೆಯೇ ವಿದ್ಯಾರ್ಥಿಗಳ ಅನ್ನವಸತಿಯ ಏರ್ಪಾಡೂ ಕೊರೆಯಲ್ಪಟ್ಟಿದೆ. ಇದನ್ನು ಪಶ್ಚಾತ್ತಾಪವೆಂದು ಹೇಳಲು ನಾವು ಸಿದ್ಧರಿಲ್ಲ. ಆ ಕಾಲದ ವೀರರಿಗೆ ಎರಡೂ ಕೀರ್ತಿಯ ಕಾರ್ಯಗಳೇ ಆಗಿದ್ದವು. ಆದರೆ ಧಾರೆಯ ಗೆಲವಿನಿಂದ ನಮಗೆ ಉಳಿದುದೇನೂ ಇಲ್ಲ. ಶಾಲೆಯ ವಿಷಯವಾದರೋ ಇಂದಿಗೂ ಓದತಕ್ಕುದಾಗಿದೆ.

1058ರಲ್ಲಿ, ಕೊಪ್ಪಂ ಕಾಳಗವಾಗಿ ನಾಲ್ಕು ವರ್ಷ ಕಳೆಯುವಷ್ಟರಲ್ಲಿ, ಮಧುಸೂದನನು ನಾಗಾವಿಯಲ್ಲಿ ತ್ರೈಪುರುಷ ದೇವಾಲಯವನ್ನೂ ಅದಕ್ಕೆ ಸೇರಿದಂತೆ ಘಟಿಕಾಶಾಲೆಯನ್ನೂ ಸ್ಥಾಪಿಸಿದನು. ವೇದಾಧ್ಯಯನಕ್ಕೆ 200 ವಿದ್ಯಾರ್ಥಿಗಳು, ಶಾಸ್ತ್ರಾಧ್ಯಯನಕ್ಕೆ ಸುಮಾರು 50 ಜನ. ವೇದಕ್ಕೆ ಮೂವರು ಉಪಾಧ್ಯಾಯರು, ಶಾಸ್ತ್ರಕ್ಕೆ ಮೂವರು. ಇವರಲ್ಲದೆ ಗ್ರಂಥಾಲಯವನ್ನು ನೋಡಿಕೊಳ್ಳಲಿಕ್ಕೆ ಆರು ಜನ ಸರಸ್ವತೀ ಭಾಂಡಾರಿಕರು. ಇವರೆಲ್ಲರ ಜೀವನಕ್ಕೂ ಭೂಮಿಯನ್ನು ಬಿಡಲಾಗಿದ್ದಿತು. ಮೂವರು ವೇದಾಧ್ಯಾಪಕರಿಗೆ ಇನ್ನೂರು ಶಿಷ್ಯರೆಂಬುದು ಹೆಚ್ಚಾಯಿತೆಂದು ವಾಚಕರು ಆಕ್ಷೇಪಿಸಬಹುದು. ವೇದಪಾಠವು ಸಾಮೂಹಿಕವಾಗಿ ಬಾಯಿಪಾಠದಿಂದ ನಡೆಯತಕ್ಕುದು; ಅಲ್ಲಿ ಹಿರಿಯ ಶಿಷ್ಯನು ಕಿರಿಯವನಿಗೆ ಸಂತೆ ಹೇಳಿಕೊಡುವನು. ತರ್ಕವಿಚಾರವುಳ್ಳ ಶಾಸ್ತ್ರಕ್ಕೆ ಬಂದೊಡನೆ ಒಬ್ಬೊಬ್ಬ ಗುರುವಿಗೆ ಹದಿನಾರು ಹದಿನೇಳು ಜನ ಶಿಷ್ಯರಾಗುವರು.

ಆ ಮೂರು ಶಾಸ್ತ್ರಗಳಾದರೂ ಯಾವವು? ಒಂದು ಭಾಟ್ಟದರ್ಶನ, ಒಂದು ಪ್ರಾಭಾಕರ, ಮತ್ತೊಂದು ನ್ಯಾಸ. ಕುಮಾರಿಲ ಭಟ್ಟನ ಮತವೂ ಪ್ರಭಾಕರನ ಮತವೂ ಮೀಮಾಂಸೆಯಲ್ಲಿ ಒಂದನ್ನೊಂದು ಖಂಡಿಸುವ ಪಂಥಗಳು. ಎರಡಕ್ಕೂ ಒಂದೇ ಮಾಡಿನ ಕೆಳಗೆ ಬೇರೆ ಬೇರೆ ಆಚಾರ್ಯರು! ನ್ಯಾಸವೆಂಬ ವ್ಯಾಕರಣ ಗ್ರಂಥವಾದರೋ ಬೌದ್ಧನೆಂದು ಪ್ರಸಿದ್ಧನಾದ ಜಿನೇಂದ್ರಬುದ್ಧಿಯದು. ವೈದಿಕ ಶಾಲೆಯಲ್ಲಿ ಅದಕ್ಕೂ ಆಸನವಿದ್ದಿತು. ಪ್ರತಿವಾದಿಯು ಪಕ್ಕದ ಕೋಣೆಯಲ್ಲಿಯೇ ಪಾಠ ಹೇಳುತ್ತಿರುವಾಗ ಯಾವ ಗುರುವು ತಾನೇ ಹಳೆಯ ಟಿಪ್ಪಣಿಯನ್ನು ಓದಿ ದಿನಗಳೆದಾನು?

ಮಧುಸೂದನನಿಗೆ ಮೇಲ್ಪಂಕ್ತಿಯಿರಲಿಲ್ಲವೆಂದಲ್ಲ. ಇಂದು ಸೇಡಂ ತಾಲೂಕಿಗೆ ಸೇರಿದ ಮಳಖೇಡದಿಂದ ಆಳಿದ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು 945ರಲ್ಲಿ ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ಇಂಥದೇ ಶಾಲೆಯನ್ನು ಕಟ್ಟಿಸಿದ್ದನು. ಅಲ್ಲಿ ವಿದ್ಯಾರ್ಥಿಗಳ ವಸತಿಗೆ 27 ಮನೆಗಳು. ಊರವರು ಮದುವೆಯಲ್ಲಿ ಇಷ್ಟು, ಉಪನಯನದಲ್ಲಿ ಅದರರ್ಧ, ಚೌಲದಲ್ಲಿ ಮತ್ತೆ ಅದರರ್ಧ ಹಣವನ್ನು ಶಾಲೆಗೆ ಸಲ್ಲಿಸುತ್ತಿದ್ದರು.

ಪದವಿಯಿಲ್ಲದ ನಾವು, ಪಾಠಶಾಲೆಯ ಚಾಪೆಯಿಂದೆದ್ದು ಮ್ಯಾಟ್ರಿಕ್ಯುಲೇಶನ್ನಿಗೆ ನಿಂತವರು, ಪದವಿಗಳ ಬೆಲೆಗಟ್ಟಲು ಹೊರಟುದನ್ನು ಕಂಡು ಕೆಲ ಪ್ರಾಧ್ಯಾಪಕರು ನಗಬಹುದು. ನಗಲಿ. ನಮ್ಮ ಕಚೇರಿಗೆ ಕೆಲಸ ಕೇಳಿಕೊಂಡು ಬರುವ ಪದವೀಧರ ತರುಣರಿಗೆ ನಾವು ಒಂದು ಪುಟದ ವರದಿಯನ್ನು ಬರೆಯಹೇಳುತ್ತ ಬಂದಿದ್ದೇವೆ. ಆ ಪುಟಗಳನ್ನು ಓದಿದ ಮೇಲೆ ನಮಗೆ ನಗು ಬಂದುದಿಲ್ಲ.

ನಾಗಾವಿಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಹೆಣ್ಣುಮಕ್ಕಳಿಗೂ ದುಡಿಯುವ ಜಾತಿಗಳಿಗೂ ಅಲ್ಲಿ ಸ್ಥಳವಿರಲಿಲ್ಲ. ಇಂದು ಶಹಾಬಾದಿನಲ್ಲಿ ಕಲ್ಲು ಒಡೆಯುವವನ ಮಗಳು, ವಾಡಿಯ ಸಿಮೆಂಟು ಕೂಲಿಕಾರನ ಮಗ, ಚಿಂಚೋಳಿಯ ತಾಂಡಾದ ಹುಡುಗಿ ಇವರೆಲ್ಲ ಪದವಿ ತರಗತಿಯಲ್ಲಿ ಕುಳಿತಿರುವದು ಮಧುಸೂದನನು ಕನಸಿನಲ್ಲಿಯೂ ಕಾಣದ ದೊಡ್ಡ ಕಾರ್ಯ. ಧಾರವಾಡಕ್ಕೆ ಮುಖಮಾಡಿದ್ದ ನಮ್ಮ ಕಾಲೇಜುಗಳಿಗೆ 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವು ದೊರೆತುದೂ ಸಣ್ಣ ಲಾಭವಲ್ಲ. ಆದರೆ ಬಾಗಿಲು ತೆರೆದು ಒಳಗೆ ಗುರುವನ್ನು ಕೂಡಿಸದಿದ್ದರೆ ಆ ಮಕ್ಕಳಿಗೆ ಸಿಕ್ಕುದೇನು? ಸರಕಾರಿ ಪದವಿ ಕಾಲೇಜುಗಳ ಪಾಠವು ಬಹುಮಟ್ಟಿಗೆ ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಅವರಲ್ಲಿ ವಿದ್ಯಾವಂತರು ಬೇಕಾದಷ್ಟಿದ್ದಾರೆ; ಬರುವ ವರ್ಷ ತಾವಿರುವೆವೋ ಇಲ್ಲವೋ ಎಂಬುದು ಮಾತ್ರ ಅವರಿಗೆ ತಿಳಿಯದು. ಮಧುಸೂದನನು ಮೊದಲು ಭೂಮಿಯನ್ನು ಗೊತ್ತುಮಾಡಿ ಗುರುವನ್ನು ನೆಲೆಗೊಳಿಸಿದನು, ಗುರುಗಳಿಗೆ ತಕ್ಕಂತೆ ಶಿಷ್ಯರ ಸಂಖ್ಯೆಯನ್ನು ಗೊತ್ತುಮಾಡಿದನು. ನಾವು ಮೊದಲು ಪ್ರವೇಶ ಕೊಟ್ಟು ಆಮೇಲೆ ಗುರುವನ್ನು ಹುಡುಕುವೆವು.

1994ರಲ್ಲಿ ಸ್ಥಾಪಿತವಾದ ನ್ಯಾಕ್ ಸಂಸ್ಥೆಯು ಕಾಲೇಜುಗಳ ಗುಣವನ್ನು ಅಳೆಯುತ್ತ ಬಂದಿದೆ. ಅಳತೆ ಬೇಡವೆಂದು ನಾವು ಹೇಳೆವು. ಆದರೆ ಪರೀಕ್ಷಕರು ಬರುವ ವಾರದಲ್ಲಿ ಗೋಡೆಗೆ ಸುಣ್ಣ ಬಳಿದು, ಬೀಗ ಹಾಕಿದ್ದ ವಾಚನಾಲಯವನ್ನು ತೆರೆದಿಡುವ ಪದ್ಧತಿಯನ್ನು ಕಂಡವರು ನಮ್ಮ ವಾಚಕರಲ್ಲಿಯೇ ಇದ್ದಾರೆ. ನಾಗಾವಿಯಲ್ಲಿ ಆರು ಜನ ಭಾಂಡಾರಿಕರಿದ್ದರು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಯ ಪ್ರತಿಯೊಂದು ಕಾಲೇಜಿನಲ್ಲಿ ಖಾಯಂ ಉಪನ್ಯಾಸಕರೆಷ್ಟು, ವಿದ್ಯಾರ್ಥಿಗಳೆಷ್ಟು, ಗ್ರಂಥಪಾಲಕನಿರುವನೋ ಇಲ್ಲವೋ ಎಂಬ ಲೆಕ್ಕವನ್ನು ಪರೀಕ್ಷಾ ಫಲಿತಾಂಶದೊಡನೆಯೇ ವರ್ಷ ವರ್ಷ ಪ್ರಕಟಿಸಬೇಕೆಂದು ವಿಶ್ವವಿದ್ಯಾಲಯದ ಅಧಿಕಾರಿಗಳನ್ನು ನಾವು ಕೇಳಿಕೊಳ್ಳುತ್ತೇವೆ. ಮಧುಸೂದನನು ತನ್ನ ಲೆಕ್ಕವನ್ನು ಎಲ್ಲರೂ ಓದುವಂತೆ ಕಲ್ಲಿನಲ್ಲಿ ಕೊರೆಯಿಸಿದ್ದನು; ಇವರು ಕಾಗದದ ಮೇಲೆ ಕೊಟ್ಟರೂ ಸಾಕು, ಅಚ್ಚು ಹಾಕಲು ನಮ್ಮ ಪುಟಗಳಿವೆ.