ಉಪ್ಪು, ಆಮ್ಲ ಮತ್ತು ಲೆಬ್ಲಾಂಕ್

ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನಗೆ ಪೇಟೆಂಟ್ ಎಂದೊಡನೆ ಫ್ರಾನ್ಸಿನ ವೈದ್ಯ ನಿಕೋಲಸ್ ಲೆಬ್ಲಾಂಕ್ ನೆನಪಾಗುತ್ತಾನೆ. 1742ರಲ್ಲಿ ಹುಟ್ಟಿದ ಆತ, ಸಾಬೂನು, ಗಾಜಿಗೆ ಬೇಕಾದ ಸೋಡಾವನ್ನು ಉಪ್ಪಿನಿಂದ ತಯಾರಿಸುವ ವಿಧಾನಕ್ಕೆ 1791ರಲ್ಲಿ ಪೇಟೆಂಟ್ ಪಡೆದ. ಬಂಡವಾಳ ಹಾಕಿದ್ದ ಡ್ಯೂಕ್‌ನ ತಲೆ ಕ್ರಾಂತಿಯಲ್ಲಿ ಉರುಳಿತು; ಕಾರ್ಖಾನೆ ಸರ್ಕಾರದ ಪಾಲಾಯಿತು, ಗುಟ್ಟು ಬಯಲಾಯಿತು. ಮುಂದೆ ಕಾರ್ಖಾನೆ ಮರಳಿ ಸಿಕ್ಕರೂ ನಡೆಸಲು ಹಣವಿರಲಿಲ್ಲ. 1806ರಲ್ಲಿ ಆತ್ಮಹತ್ಯೆ ಮಾಡಿಕೊಂಡ.

ವಿಧಾನ ಮಾತ್ರ ಬ್ರಿಟನ್ನಿನಲ್ಲಿ ಬೆಳೆಯಿತು. ಉಪ್ಪಿಗೆ ಗಂಧಕಾಮ್ಲ ಬೆರೆಸಿ ಕಾಯಿಸಿದಾಗ ಏಳುವ ಹೈಡ್ರೋಜನ್ ಕ್ಲೋರೈಡ್ ಅನಿಲವನ್ನು ಚಿಮಣಿಗಳು ಊರ ಮೇಲೆ ಉಗುಳಿ, ಬೆಳೆ, ಮರ ಸುಟ್ಟವು. ಅದರಲ್ಲಿ ಶೇ 95 ಭಾಗ ಹಿಡಿಯಲೇಬೇಕೆಂದು 1863ರಲ್ಲಿ ಕಾನೂನು ಬಂತು. ನೀರಲ್ಲಿ ಕರಗಿಸಿ ಹಿಡಿದದ್ದೇ ಹೈಡ್ರೋಕ್ಲೋರಿಕ್ ಆಮ್ಲ. ಅದರಿಂದ ಕ್ಲೋರಿನ್, ಕ್ಲೋರಿನ್‌ನಿಂದ ಬ್ಲೀಚಿಂಗ್ ಪುಡಿ. ಗಾಳಿಗೆ ಬಿಡುತ್ತಿದ್ದ ಅನಿಲಕ್ಕೂ ಬೆಲೆ ಬಂತು. ಲೆಬ್ಲಾಂಕ್‌ನಿಗೆ ಮಾತ್ರ ಏನೂ ದಕ್ಕಲಿಲ್ಲ.